ಕಾಗದದ ಮೇಲಿದ್ದು ಬಾಯಲ್ಲಿಲ್ಲದ ಜಿಎಚ್: ಇಂಗ್ಲಿಷಿನ ಒಂದು ಅಕ್ಷರಜೋಡಿಯ ಪೂರ್ವಾಪರ

ಇಂಗ್ಲಿಷಿನಲ್ಲಿ ಜಿ ಮತ್ತು ಎಚ್ ಅಕ್ಕಪಕ್ಕ ಬಂದರೆ ಹೇಗೆ ಓದಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ದೆವ್ವ ಎಂಬರ್ಥದ ‘ಗೋಸ್ಟ್’ ಪದದಲ್ಲಿ ಅದು ಗಕಾರ. ನಗು ಎಂಬರ್ಥದ ‘ಲಾಫ್’ನಲ್ಲಿ ಫಕಾರ. ಎತ್ತರ ಎಂಬರ್ಥದ ‘ಹೈ’, ಮಗಳು ಎಂಬರ್ಥದ ‘ಡಾಟರ್’ ಪದಗಳಲ್ಲಿ ಅದು ಬರವಣಿಗೆಯಲ್ಲಿ ಮಾತ್ರ ಉಂಟು. ಇದರ ಮುಂಚೆ ಓ ಮತ್ತು ಯು ಬಂದು ಸೇರಿದರಂತೂ ಕೇಳುವುದೇ ಬೇಡ. ‘ದೋ’ ಎಂದರೆ ಆದರೂ, ‘ಥ್ರೂ’ ಎಂದರೆ ಮೂಲಕ, ‘ರಫ್’ ಎಂದರೆ ಒರಟು, ‘ಕಾಫ್’ ಎಂದರೆ ಕೆಮ್ಮು, ‘ಬೌ’ ಎಂದರೆ ಮರದ ಕೊಂಬೆ, ‘ಥಾಟ್’ ಎಂದರೆ ಆಲೋಚನೆ. ಆರು ಪದ, ಆರರಲ್ಲೂ ಓ-ಯು-ಜಿ-ಎಚ್ ಎಂಬ ಅದೇ ನಾಲ್ಕು ಅಕ್ಷರ, ಆರು ಬಗೆಯ ಉಚ್ಚಾರಣೆ.

ಇದಕ್ಕೆ ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ಸಿಗುವ ಪರಿಹಾರ ಬಾಯಿಪಾಠ. ಇಂಗ್ಲಿಷಿನ ಕಾಗುಣಿತಕ್ಕೆ ತಲೆಬುಡ ಇಲ್ಲ, ಇದ್ದಹಾಗೆ ನೆನಪಿಟ್ಟುಕೊಳ್ಳಿ ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ತಲೆಬುಡ ಖಂಡಿತ ಇದೆ. ಆದರೆ ಒಂದಲ್ಲ, ನಾಲ್ಕೈದು ಇವೆ. ಜಿಎಚ್ ಇರುವ ಪದಗಳು ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಆ ಎರಡಕ್ಷರವನ್ನು ಪಡೆದವು. ಯಾವ ಪದ ಯಾವ ಬಳಗದ್ದು ಎಂದು ಗೊತ್ತಾದರೆ ಅದನ್ನು ಓದುವ ರೀತಿಯೂ ಬಹುಮಟ್ಟಿಗೆ ಗೊತ್ತಾಗುತ್ತದೆ.

ದೊಡ್ಡ ಬಳಗದಿಂದಲೇ ಶುರು ಮಾಡೋಣ. ಮಧ್ಯಯುಗದ ಅಶ್ವಾರೋಹಿ ಯೋಧನಿಗೆ ‘ನೈಟ್’ ಎನ್ನುತ್ತಾರೆ. ಚದುರಂಗದಲ್ಲಿ ನಾವು ಕುದುರೆ ಎನ್ನುವ ಕಾಯಿಗೂ ಅದೇ ಹೆಸರು. ಬರೆಯುವುದು ಕೆ, ಎನ್, ಐ, ಜಿ, ಎಚ್, ಟಿ. ಆರು ಅಕ್ಷರಗಳಲ್ಲಿ ಕೆ, ಜಿ, ಎಚ್ ಮೂರೂ ಮೂಕ. ಸಾವಿರ ವರ್ಷದ ಹಿಂದೆ ಇದರಲ್ಲಿ ಒಂದೂ ಮೂಕವಾಗಿರಲಿಲ್ಲ. ಆಗಿನವರು ಹೆಚ್ಚುಕಡಿಮೆ ‘ಕ್ನಿಖ್ಟ್’ ಎನ್ನುತ್ತಿದ್ದರು. ಅರ್ಥವೂ ಇಷ್ಟು ಗತ್ತಿನದಾಗಿರಲಿಲ್ಲ: ಹುಡುಗ, ಸೇವಕ, ಅಷ್ಟೇ. ಜರ್ಮನ್ ಭಾಷೆಯಲ್ಲಿ ಇದರ ದಾಯಾದಿ ‘ಕ್ನೆಖ್ಟ್’ ಇಂದಿಗೂ ಆಳುಮಗನೇ. ಇಂಗ್ಲೆಂಡಿನಲ್ಲಿ ಮಾತ್ರ ಆಳು ದೊರೆಯ ಆಳಾದ, ದೊರೆಯ ಆಳು ಕುದುರೆಯೇರಿದ ಸೈನಿಕನಾದ, ಕೊನೆಗೆ ಹೆಸರಿನ ಹಿಂದೆ ‘ಸರ್’ ಹಚ್ಚಿಕೊಳ್ಳುವ ಬಿರುದಾಂಕಿತನಾದ. ಮೈಸೂರಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರನ್ನು ನಾವು ಸರ್ ಎಂವಿ ಎಂದು ಕರೆಯುವುದು ಈ ‘ನೈಟ್’ ಪದವಿಯ ದೆಸೆಯಿಂದಲೇ.

ಜಿಎಚ್ ಸೂಚಿಸುತ್ತಿದ್ದ ಆ ಧ್ವನಿ ಎಂಥದ್ದು? ನಾಲಿಗೆಯ ಹಿಂಭಾಗವನ್ನು ಅಂಗುಳಿಗೆ ತಾಗಿಯೂ ತಾಗದಂತೆ ಎತ್ತಿ, ಉಸಿರನ್ನು ಆ ಸಂದಿಯಲ್ಲಿ ಉಜ್ಜಿ ಹೊರಬಿಟ್ಟರೆ ಬರುವ ಧ್ವನಿ. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ. ನಮ್ಮ ಹಕಾರ ಇದಕ್ಕಿಂತ ಬಹಳ ಮೃದು. ಉರ್ದು ಬಲ್ಲವರು ಖಬರ್, ಖುದಾ ಎನ್ನುವಾಗ ಮೊದಲ ಅಕ್ಷರವನ್ನು ಗಂಟಲಲ್ಲಿ ಕೆರೆದಂತೆ ಹೇಳುತ್ತಾರಲ್ಲ, ಬಹುಮಟ್ಟಿಗೆ ಅದು. ಸ್ಕಾಟ್ಲೆಂಡಿನವರು ಸರೋವರಕ್ಕೆ ಹೇಳುವ ‘ಲಾಖ್’ ಪದದ ಕೊನೆಯಲ್ಲೂ ಅದೇ ಇದೆ. ಅಲ್ಲಿನ ನಾಡುಮಾತಿನಲ್ಲಿ ರಾತ್ರಿಗೆ ‘ನಿಖ್ಟ್’, ಪ್ರಕಾಶಮಾನ ಎಂಬುದಕ್ಕೆ ‘ಬ್ರಿಖ್ಟ್’ ಎನ್ನುವವರು ಈಗಲೂ ಸಿಗುತ್ತಾರೆ.

ಹಳೆಯ ಇಂಗ್ಲಿಷಿನಲ್ಲಿ ಈ ಧ್ವನಿಗೆ ಬರೇ ಎಚ್ ಬರೆಯುತ್ತಿದ್ದರು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಬರವಣಿಗೆಯ ಕೆಲಸ ಫ್ರೆಂಚ್ ರೂಢಿಯ ಲಿಪಿಕಾರರ ಕೈಗೆ ಹೋಯಿತು. ಫ್ರೆಂಚಿನಲ್ಲಿ ಎಚ್ ಎಂಬುದು ಆಗಲೇ ಬಲಗುಂದಿದ ಅಕ್ಷರ. ಗಂಟಲನ್ನು ಉಜ್ಜುವ ಧ್ವನಿಗೆ ಅದು ಸಾಲದು ಎನಿಸಿತು. ಕೆಲವರು ‘ಯೋಘ್’ ಎಂಬ, ನೋಡಲು ಇಂಗ್ಲಿಷಿನ ಮೂರನೆಯ ಅಂಕೆಯಂತಿದ್ದ ಅಕ್ಷರವನ್ನು ಬಳಸಿದರು. ಉಳಿದವರು ಎಚ್‌ಗೆ ಒಂದು ಜಿ ಜೋಡಿಸಿದರು. ಮುದ್ರಣ ಬಂದಾಗ ಯುರೋಪಿನ ಇತರ ದೇಶಗಳಿಂದ ತಂದ ಅಚ್ಚುಮೊಳೆಗಳಲ್ಲಿ ಯೋಘ್ ಇರಲಿಲ್ಲ. ಹೀಗಾಗಿ ಜಿಎಚ್ ಗೆದ್ದಿತು, ಯೋಘ್ ಅಳಿಯಿತು. ಸ್ಕಾಟ್ಲೆಂಡಿನ ಮುದ್ರಕರು ಮಾತ್ರ ಯೋಘ್ ಜಾಗಕ್ಕೆ ಆಕಾರದಲ್ಲಿ ಹತ್ತಿರವಿದ್ದ ಜೆಡ್ ಮೊಳೆಯನ್ನು ಇಟ್ಟು ಕೆಲಸ ಸಾಗಿಸಿದರು. ಅಲ್ಲಿನ ‘ಮೆನ್ಜೀಸ್’ ಎಂಬ ಹೆಸರನ್ನು ಹಲವರು ‘ಮಿಂಗಿಸ್’ ಎಂದು ಕರೆಯುವುದಕ್ಕೆ ಇದೇ ಕಾರಣ. ಬ್ರಿಟನ್ನಿನ ಲಿಬರಲ್ ಡೆಮಾಕ್ರಟ್ ಪಕ್ಷದ ನಾಯಕರಾಗಿದ್ದ ಮೆನ್ಜೀಸ್ ಕ್ಯಾಂಬೆಲ್ ಎಲ್ಲರ ಬಾಯಲ್ಲೂ ‘ಮಿಂಗ್’ ಆಗಿದ್ದರು.

ಕಾಗುಣಿತ ಹೀಗೆ ಗಟ್ಟಿಯಾಗುತ್ತಿದ್ದ ಹೊತ್ತಿನಲ್ಲೇ ಬಾಯಿಯಿಂದ ಧ್ವನಿ ಜಾರತೊಡಗಿತು. ಹದಿನೈದರಿಂದ ಹದಿನೇಳನೆಯ ಶತಮಾನದೊಳಗೆ ದಕ್ಷಿಣ ಇಂಗ್ಲೆಂಡಿನ ಮಾತಿನಲ್ಲಿ ಅದು ಪೂರ್ತಿ ಹೋಯಿತು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟನ್ನು ಹೊರತಂದಾಗ ಹೇಳುವವರಿಲ್ಲದ ಜಿಎಚ್ ಪುಟಪುಟದಲ್ಲೂ ಭದ್ರವಾಗಿ ಕುಳಿತಿತ್ತು.

ಕನ್ನಡದಲ್ಲಿ ಇದೇ ಸಂದರ್ಭ ಬಂದಾಗ ನಮ್ಮವರು ಬೇರೆ ದಾರಿ ಹಿಡಿದರು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಬಾಯಿ ಬದಲಾದಂತೆ ಬರಹವೂ ಬದಲಾಯಿತು. ‘ಪೞೆಯ’ ಎಂಬ ಪದದಲ್ಲಿ ಎರಡು ಧ್ವನಿಗಳು ಒಟ್ಟಿಗೆ ಬದಲಾಗಿ ‘ಹಳೆಯ’ ಎಂದಾದಾಗ ೞ ಎಂಬ ಅಕ್ಷರವನ್ನೇ ವರ್ಣಮಾಲೆಯಿಂದ ಬಿಟ್ಟುಬಿಟ್ಟೆವು. ಇಂಗ್ಲಿಷಿನವರು ಬಿಡಲಿಲ್ಲ. ಇದರಿಂದ ಓದುವವನಿಗೆ ಕಷ್ಟವಾದರೂ ಪದದ ಹುಟ್ಟು ಹುಡುಕುವವನಿಗೆ ಲಾಭವಾಯಿತು.

ಧ್ವನಿ ಸುಮ್ಮನೆ ಹೋಗಲಿಲ್ಲ, ಹೋಗುವಾಗ ತನ್ನ ಹಿಂದಿನ ಸ್ವರವನ್ನು ಎಳೆದು ಹೋಯಿತು. ರಾತ್ರಿ ಎಂಬ ‘ನಿಖ್ಟ್’ ಮೊದಲು ‘ನೀಟ್’ ಎಂದು ದೀರ್ಘವಾಯಿತು. ಆಮೇಲೆ ಇಂಗ್ಲಿಷಿನ ಎಲ್ಲ ದೀರ್ಘಸ್ವರಗಳೂ ಸ್ಥಾನ ಪಲ್ಲಟಗೊಂಡ ದೊಡ್ಡ ಬದಲಾವಣೆಯಲ್ಲಿ ಈಕಾರವು ಐಕಾರವಾಗಿ ‘ನೈಟ್’ ಆಯಿತು. ಇದರ ಫಲ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಎಲ್-ಐ-ಟಿ ಎಂದಿದ್ದರೆ ‘ಲಿಟ್’, ನಡುವೆ ಜಿಎಚ್ ಬಂದರೆ ‘ಲೈಟ್’. ‘ಫಿಟ್’ ಹೋಗಿ ‘ಫೈಟ್’, ‘ಸಿಟ್’ ಹೋಗಿ ‘ಸೈಟ್’. ಅಂದರೆ ಮೂಕ ಎಂದು ನಾವು ಬೈಯುವ ಈ ಅಕ್ಷರಗಳು ಹಿಂದಿನ ‘ಐ’ಯನ್ನು ಐಕಾರವಾಗಿ ಓದು ಎಂದು ಸೂಚಿಸುತ್ತಿವೆ. ಐ-ಜಿ-ಎಚ್-ಟಿ ಎಂದು ಮುಗಿಯುವ ಸರಳ ಪದಗಳಲ್ಲಿ ಈ ನಿಯಮ ತಪ್ಪುವುದಿಲ್ಲ. ಅದರ ಮುಂಚೆ ಇ ಸೇರಿದರೆ ಮಾತ್ರ ಕಥೆ ಬೇರೆ, ಅದಕ್ಕೆ ಆಮೇಲೆ ಬರೋಣ. ಬ್ರೈಟ್ ಎಂದರೆ ಹೊಳೆಯುವ, ಟೈಟ್ ಎಂದರೆ ಬಿಗಿ, ಮೈಟ್ ಎಂದರೆ ಬಲ, ಫ್ರೈಟ್ ಎಂದರೆ ದಿಗಿಲು, ಪ್ಲೈಟ್ ಎಂದರೆ ದುಃಸ್ಥಿತಿ, ಬ್ಲೈಟ್ ಎಂದರೆ ಬೆಳೆಗೆ ತಗಲುವ ರೋಗ. ಸ್ಲೈಟ್ ಎಂದರೆ ಕೊಂಚ. ಕ್ರಿಯಾಪದವಾದಾಗ ಒಬ್ಬರನ್ನು ಕಡೆಗಣಿಸುವುದು.

ಈ ಸಾಲಿನಲ್ಲಿ ಒಂದು ಪದದ ಹತ್ತಿರ ನಿಲ್ಲಲೇಬೇಕು. ನಾಟಕಕಾರನಿಗೆ ‘ಪ್ಲೇರೈಟ್’ ಎನ್ನುತ್ತಾರೆ. ಬರೆಯುವವನು ತಾನೇ ಎಂದುಕೊಂಡು ಬರೆಯುವ ಅರ್ಥದ ‘ರೈಟ್’ನ ಕಾಗುಣಿತವನ್ನೇ ಹಾಕುವವರು ಬಹಳ. ಅದು ತಪ್ಪು. ಇಲ್ಲಿರುವುದು ಡಬ್ಲ್ಯು, ಆರ್, ಐ, ಜಿ, ಎಚ್, ಟಿ ಎಂಬ ಕಾಗುಣಿತದ ಬೇರೊಂದು ‘ರೈಟ್’. ಅದರ ಅರ್ಥ ಕಟ್ಟುವವನು, ಕಸುಬುದಾರ. ಕೆಲಸ ಎಂಬರ್ಥದ ‘ವರ್ಕ್’ನ ರಕ್ತಸಂಬಂಧಿ. ಬಂಡಿ ಮಾಡುವವನು ಕಾರ್ಟ್‌ರೈಟ್, ಚಕ್ರ ಮಾಡುವವನು ವೀಲ್‌ರೈಟ್, ಹಡಗು ಕಟ್ಟುವವನು ಶಿಪ್‌ರೈಟ್. 1903ರಲ್ಲಿ ವಿಮಾನ ಹಾರಿಸಿದ ರೈಟ್ ಸಹೋದರರ ಮನೆಹೆಸರೂ ಇದೇ. ನಾಟಕವನ್ನು ಇಂಗ್ಲಿಷ್ ಭಾಷೆ ಬರೆಯುವ ವಸ್ತುವೆಂದು ನೋಡದೆ ಬಂಡಿ, ಹಡಗುಗಳ ಸಾಲಿಗೆ ಸೇರಿಸಿದ್ದು ನನಗೆ ತುಂಬ ಇಷ್ಟ.

ಇನ್ನು ಫಕಾರದ ಪ್ರಶ್ನೆ. ಹಿಂದಿನ ಸ್ವರ ತುಟಿ ದುಂಡಗೆ ಮಾಡಿ ಹೇಳುವ ಉಕಾರದಂಥದ್ದಾಗಿದ್ದರೆ, ಗಂಟಲ ಉಜ್ಜುಧ್ವನಿಯೂ ಕೆಲವರ ಬಾಯಲ್ಲಿ ಮುಂದಕ್ಕೆ ಸರಿದು ತುಟಿಗೆ ಬಂದು ‘ಫ್’ ಆಯಿತು. ಒಂದು ಸೀಮೆಯವರು ಫಕಾರ ಮಾಡಿದರು, ಮತ್ತೊಂದು ಸೀಮೆಯವರು ಧ್ವನಿಯನ್ನೇ ಬಿಟ್ಟರು. ಲಂಡನ್ನಿಗೆ ಎರಡೂ ಕಡೆಯವರು ಬಂದು ಸೇರಿದರು. ಯಾವ ಪದಕ್ಕೆ ಯಾರ ಉಚ್ಚಾರಣೆ ನಿಂತಿತು ಎಂಬುದು ಅದೃಷ್ಟದ ಮಾತಾಯಿತು. ಶೇಕ್ಸ್‌ಪಿಯರನ ‘ಕಿಂಗ್ ಲಿಯರ್’ನಲ್ಲಿ ವಿದೂಷಕ ಹಾಡುವ ಪದ್ಯದಲ್ಲಿ ‘ಡಾಟರ್’, ‘ಸ್ಲಾಟರ್’ ಪದಗಳು ‘ಆಫ್ಟರ್’ ಜೊತೆ ಪ್ರಾಸವಾಗಿ ಬರುತ್ತವೆ. ಮಗಳನ್ನು ‘ಡಾಫ್ಟರ್’ ಎನ್ನುವವರು ಆ ಕಾಲದಲ್ಲಿ ಇದ್ದರು ಎಂಬುದಕ್ಕೆ ಇದನ್ನು ಸುಳಿವಾಗಿ ತೆಗೆದುಕೊಳ್ಳುತ್ತಾರೆ.

ಫಕಾರ ಉಳಿದ ಪದಗಳು ಕಡಿಮೆ, ಆದ್ದರಿಂದ ಇವನ್ನು ಮಾತ್ರ ನೆನಪಿಟ್ಟುಕೊಂಡರೆ ಸಾಕು. ಲಾಫ್ ನಗು, ಕಾಫ್ ಕೆಮ್ಮು, ರಫ್ ಒರಟು, ಟಫ್ ಗಟ್ಟಿ, ಇನಫ್ ಸಾಕು. ಟ್ರಾಫ್ ಎಂದರೆ ದನಕರುಗಳಿಗೆ ಮೇವು ನೀರು ಹಾಕುವ ಬಾನಿ ಅಥವಾ ತೊಟ್ಟಿ. ಹವಾಮಾನ ವರದಿಯಲ್ಲಿ ವಾಯುಭಾರ ಕುಸಿದ ಪಟ್ಟಿಗೂ ಅದೇ ಪದ. ಸ್ಲಫ್ ಎಂದರೆ ಹಾವು ಪೊರೆ ಬಿಡುವುದು. ಡ್ರಾಫ್ಟ್ ಎಂದು ಓದುವ ಪದವೊಂದಿದೆ: ಎಳೆತ, ಒಂದು ಗುಟುಕು, ಕಿಟಕಿ ಸಂದಿಯಿಂದ ನುಸುಳುವ ಗಾಳಿ, ಎಲ್ಲಕ್ಕೂ ಅದು. ಒಟ್ಟಿನಲ್ಲಿ ಬೆರಳ ಮೇಲೆ ಎಣಿಸುವಷ್ಟು. ಎಲ್ಲದರಲ್ಲೂ ಜಿಎಚ್‌ಗೆ ಮುಂಚೆ ಯು ಇದೆ ಎಂಬುದನ್ನು ಗಮನಿಸಿ. ಜಿಎಚ್‌ಗೆ ಮುಂಚೆ ಐ ಇದ್ದರೆ ಅದು ಎಂದೂ ಫಕಾರವಾಗುವುದಿಲ್ಲ: ಹೈ ಎತ್ತರ, ಸೈ ನಿಟ್ಟುಸಿರು, ಥೈ ತೊಡೆ, ವೇ ತೂಗು, ನೇ ಕುದುರೆಯ ಕೆನೆತ. ಜಿಎಚ್ ಆದ ಕೂಡಲೇ ಟಿ ಬಂದರೂ ಫಕಾರವಿಲ್ಲ. ಇದಕ್ಕೆ ಎದ್ದು ಕಾಣುವ ಅಪವಾದಗಳು ಡ್ರಾಫ್ಟ್ ಮತ್ತು ಲಾಫ್ಟರ್. ಎಸ್ ಎಂಬ ಒಂದೇ ಅಕ್ಷರವನ್ನು ಮುಂದೆ ಸೇರಿಸಿದರೆ ನಗು ಎಂಬರ್ಥದ ‘ಲಾಫ್ಟರ್’ ಹೋಗಿ ಕಟುಕತನ ಎಂಬರ್ಥದ ‘ಸ್ಲಾಟರ್’ ಆಗುತ್ತದೆ, ಫಕಾರವೂ ಮಾಯವಾಗುತ್ತದೆ. ಪರೀಕ್ಷೆಗೆ ಪ್ರಶ್ನೆ ತೆಗೆಯುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು.

ಇಂಗ್ಲಿಷನ್ನು ಗೇಲಿ ಮಾಡುವವರು ‘ಗೋಟಿ’ ಎಂಬ ಒಂದು ಕುಚೋದ್ಯವನ್ನು ಎತ್ತುತ್ತಾರೆ. ಜಿ, ಎಚ್, ಓ, ಟಿ, ಐ ಎಂದು ಬರೆದು ‘ಫಿಶ್’ ಎಂದು ಓದಬಹುದಂತೆ: ‘ಇನಫ್’ನ ಜಿಎಚ್‌ನಿಂದ ಫಕಾರ, ‘ವಿಮೆನ್’ನ ಓ ಅಕ್ಷರದಿಂದ ಇಕಾರ, ‘ನೇಷನ್’ನ ಟಿಐಯಿಂದ ಶಕಾರ. ಬರ್ನಾರ್ಡ್ ಷಾನ ಹೆಸರಿಗೆ ಇದನ್ನು ಅಂಟಿಸುವುದುಂಟು; ಆದರೆ ಷಾ ಹುಟ್ಟುವ ಮುಂಚಿನ, 1855ರ ಕಾಗದವೊಂದರಲ್ಲೇ ಈ ತಮಾಷೆ ಇದೆ. ಕೇಳಲು ಚೆನ್ನಾಗಿದೆ, ವಾದವಾಗಿ ನಿಲ್ಲುವುದಿಲ್ಲ. ಪದದ ಮೊದಲಿಗೆ ಬಂದ ಜಿಎಚ್ ಇಂಗ್ಲಿಷಿನಲ್ಲಿ ಎಂದೂ ಫಕಾರವಲ್ಲ, ಪದದ ಕೊನೆಗೆ ಬಂದ ಟಿಐ ಎಂದೂ ಶಕಾರವಲ್ಲ. ಅಕ್ಷರದ ಧ್ವನಿಯನ್ನು ತೀರ್ಮಾನಿಸುವುದು ಅದು ಕುಳಿತ ಜಾಗ.

ಮೂಕ ಜಿಎಚ್ ಒಳಗಿಟ್ಟುಕೊಂಡಿರುವ ಹುಟ್ಟಿನ ಗುರುತಿಗೆ ಈಗ ಬರೋಣ. ಇಂಗ್ಲಿಷ್ ಮತ್ತು ಸಂಸ್ಕೃತ ಒಂದೇ ಇಂಡೋ-ಯುರೋಪಿಯನ್ ಕುಟುಂಬದವು. ಕನ್ನಡ ಆ ಕುಟುಂಬದ್ದಲ್ಲ, ಆದರೂ ಸಂಸ್ಕೃತದಿಂದ ನಾವು ತೆಗೆದುಕೊಂಡ ಪದಗಳ ಮೂಲಕ ಈ ನಂಟು ನಮಗೂ ಕಾಣುತ್ತದೆ. ಮರದ ಕೊಂಬೆಗೆ ಹೇಳುವ ‘ಬೌ’ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ತೋಳು, ಭುಜ ಎಂಬ ಅರ್ಥವೂ ಇತ್ತು. ಅದು ನಮ್ಮ ‘ಬಾಹು’ವಿನ ಒಡಹುಟ್ಟು. ನಾದಿದ ಹಿಟ್ಟಿಗೆ ಹೇಳುವ ‘ಡೋ’ ಮತ್ತು ‘ದೇಹ’ ಒಂದೇ ಬೇರಿನವು; ಆ ಬೇರಿನ ಅರ್ಥ ನಾದುವುದು, ಮಿದ್ದಿ ರೂಪ ಕೊಡುವುದು. ತೂಕಕ್ಕೆ ಸಂಬಂಧಪಟ್ಟ ‘ವೇ’, ‘ವೇಟ್’ ಪದಗಳು ‘ವಹಿಸು’, ‘ವಾಹನ’ಗಳ ನೆಂಟರು. ಹಗುರ ಎಂಬರ್ಥದ ‘ಲೈಟ್’ಗೆ ಜೊತೆ ‘ಲಘು’. ಮಗಳು ಎಂಬ ‘ಡಾಟರ್’ಗೆ ಸಂಸ್ಕೃತದ ‘ದುಹಿತೃ’. ಮಗಳ ಮಗನಿಗೆ ದೌಹಿತ್ರ ಎನ್ನುವುದು ಅದರಿಂದಲೇ. ಬಾಹು, ದೇಹ, ವಾಹನ, ದುಹಿತೃ, ಈ ಪದಗಳಲ್ಲೆಲ್ಲ ಹಕಾರ ಕೂತ ಜಾಗವನ್ನೂ ಇಂಗ್ಲಿಷಿನಲ್ಲಿ ಜಿಎಚ್ ಕೂತ ಜಾಗವನ್ನೂ ಹೋಲಿಸಿ ನೋಡಿ. ಲಂಡನ್ನಿನವನು ನುಂಗಿದ್ದನ್ನು ನಾವು ಇನ್ನೂ ಉಚ್ಚರಿಸುತ್ತಿದ್ದೇವೆ.

ಜಿಎಚ್ ಆದಮೇಲೆ ಟಿ ಬಂದ ಪದಗಳಲ್ಲಿ ಇನ್ನೊಂದು ನಮೂನೆ ಇದೆ. ರಾತ್ರಿ ಎಂಬ ‘ನೈಟ್’ಗೆ ಸಂಸ್ಕೃತದ ‘ನಕ್ತ’, ಲ್ಯಾಟಿನ್ನಿನಲ್ಲಿ ‘ನೊಕ್ತ್’; ರಾತ್ರಿ ಸಂಚರಿಸುವವನು ನಕ್ತಂಚರ, ಇಂಗ್ಲಿಷಿನಲ್ಲಿ ರಾತ್ರಿಗೆ ಸಂಬಂಧಿಸಿದ್ದು ‘ನಾಕ್ಟರ್ನಲ್’. ಎಂಟು ಎಂಬ ‘ಏಟ್’ಗೆ ‘ಅಷ್ಟ’, ಲ್ಯಾಟಿನ್ನಿನ ‘ಒಕ್ತೊ’. ಎಂಟು ಕೋನದ ಆಕೃತಿ ‘ಆಕ್ಟಗನ್’. ನೇರ, ಸರಿ ಎಂಬ ‘ರೈಟ್’ಗೆ ‘ಋಜು’. ಲ್ಯಾಟಿನ್ ಕಡೆಯಿಂದ ಬಂದ ‘ಕರೆಕ್ಟ್’, ‘ರೆಕ್ಟ್ಯಾಂಗಲ್’. ಮೂಲದಲ್ಲಿ ‘ಕ್ತ’ ಇದ್ದಲ್ಲೆಲ್ಲ ಇಂಗ್ಲಿಷಿನ ಪೂರ್ವಜರು ಮೊದಲ ವ್ಯಂಜನವನ್ನು ಗಂಟಲಲ್ಲಿ ಉಜ್ಜಿದರು. ಅದಕ್ಕೆ ಜಿಎಚ್ ಬರೆದರು. ಆಮೇಲೆ ಉಜ್ಜುವುದನ್ನೂ ಬಿಟ್ಟರು.

ಪದಸಂಪತ್ತು ಬೆಳೆಸಿಕೊಳ್ಳಬೇಕೆನ್ನುವವರಿಗೆ ಇದಕ್ಕಿಂತ ಹತ್ತಿರದ ಒಂದು ಸಂಗತಿ ಹೇಳುತ್ತೇನೆ. ಹಾರು ಎಂಬುದು ‘ಫ್ಲೈ’, ಹಾರಾಟ ‘ಫ್ಲೈಟ್’. ಒಣ ಎಂಬುದು ‘ಡ್ರೈ’, ಬರಗಾಲ ‘ಡ್ರೌಟ್’. ಎಳೆ ಎಂಬುದು ‘ಡ್ರಾ’, ಎಳೆತ ‘ಡ್ರಾಫ್ಟ್’. ಕೊಲ್ಲು ಎಂಬುದು ‘ಸ್ಲೇ’, ಅದರ ಬಂಧು ‘ಸ್ಲಾಟರ್’. ಆಗಬಹುದು ಎಂಬ ‘ಮೇ’, ಅದರ ಭೂತರೂಪ ‘ಮೈಟ್’. ಕೊಳ್ಳು ಎಂಬ ‘ಬೈ’, ಕೊಂಡ ಎಂಬ ‘ಬಾಟ್’. ಎಡಗಡೆಯ ಪದಗಳೆಲ್ಲ ವೈ ಅಥವಾ ಡಬ್ಲ್ಯು ಅಕ್ಷರದಿಂದ ಮುಗಿಯುತ್ತವೆ, ಬಲಗಡೆಯವುಗಳಲ್ಲಿ ಜಿಎಚ್‌ಟಿ ಇದೆ. ಇವುಗಳ ಹಳೆಯ ರೂಪಗಳಲ್ಲಿ ಒಂದು ಗಕಾರ ಅಥವಾ ಅದರ ಜಾತಿಯ ಧ್ವನಿ ಇತ್ತು. ಪದದ ಕೊನೆಯಲ್ಲಿ ಅದು ಕರಗಿ ವೈ, ಡಬ್ಲ್ಯು ಆಯಿತು. ಟಿ ಮುಂದೆ ಬಂದಲ್ಲಿ ಉಜ್ಜುಧ್ವನಿಯಾಗಿ ಜಿಎಚ್ ಎನಿಸಿತು. ಬರಗಾಲದ ‘ಡ್ರೌಟ್’ನ ಕಾಗುಣಿತ ಮರೆತವರು ‘ಡ್ರೈ’ಯನ್ನು ನೆನೆದರೆ ನಡುವಿನ ಜಿಎಚ್ ತಾನಾಗಿ ನೆನಪಾಗುತ್ತದೆ. ಕೊಂಡ ಎಂಬ ‘ಬಾಟ್’ಗೂ ತಂದ ಎಂಬ ‘ಬ್ರಾಟ್’ಗೂ ಗೊಂದಲವಾಗುವವರು ಮೂಲವನ್ನು ನೋಡಲಿ: ‘ಬ್ರಿಂಗ್’ನಲ್ಲಿ ಆರ್ ಇದೆ, ‘ಬೈ’ಯಲ್ಲಿ ಇಲ್ಲ.

ನೆರೆಯವ ಎಂಬ ‘ನೇಬರ್’ ಕೂಡ ಇದೇ ಬಳಗ. ‘ನೈ’ ಎಂದರೆ ಹತ್ತಿರ, ‘ಬರ್’ ಎಂಬ ಭಾಗದ ಮೂಲದ ಅರ್ಥ ಬೇಸಾಯಗಾರ, ಒಕ್ಕಲು. ಪಕ್ಕದ ಹೊಲದವನೇ ನೆರೆಯವ. ತುಂಟ ಎಂಬರ್ಥದ ‘ನಾಟಿ’ ಬಂದದ್ದು ಸೊನ್ನೆ, ಏನೂ ಇಲ್ಲ ಎಂಬ ‘ನಾಟ್’ನಿಂದ, ಮೊದಲು ಗತಿಯಿಲ್ಲದವ, ಆಮೇಲೆ ಕೆಟ್ಟವ, ಈಗ ತಂಟೆ ಮಾಡುವ ಮಗು. ಇ-ಐ-ಜಿ-ಎಚ್ ಒಟ್ಟಿಗೆ ಬಂದರೆ ಸಾಮಾನ್ಯವಾಗಿ ಏಕಾರ: ಏಟ್, ವೇಟ್, ಸರಕು ಸಾಗಣೆಯ ‘ಫ್ರೇಟ್’, ಹಿಮಬಂಡಿಯ ‘ಸ್ಲೇ’. ಎತ್ತರದ ‘ಹೈಟ್’ ಮತ್ತು ಕೈಚಳಕದ ‘ಸ್ಲೈಟ್’ ಹೊರತು.

ಕೆಲವು ಪದಗಳು ಈ ಬಳಗಕ್ಕೆ ಸೇರಿದವೇ ಅಲ್ಲ, ಸುಮ್ಮನೆ ವೇಷ ಹಾಕಿವೆ. ಸಂತೋಷ ಎಂಬರ್ಥದ ‘ಡಿಲೈಟ್’ ಫ್ರೆಂಚಿನಿಂದ ಬಂದದ್ದು; ರುಚಿಕರ ಎಂಬ ‘ಡಿಲಿಶಸ್’ನ ಬಂಧು. ಬೆಳಕಿನ ‘ಲೈಟ್’ಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಹದಿನಾರನೆಯ ಶತಮಾನದಲ್ಲಿ ‘ಲೈಟ್’ ನೋಡಿಕೊಂಡು ಇದಕ್ಕೂ ಜಿಎಚ್ ಹಚ್ಚಿದರು. ಸೊಕ್ಕಿನವ ಎಂಬ ‘ಹಾಟಿ’ಯೂ ಹಾಗೆಯೇ, ಅದು ಎತ್ತರ ಎಂಬ ಫ್ರೆಂಚ್ ಪದದಿಂದ ಹುಟ್ಟಿದ್ದು, ಅಲ್ಲಿ ಜಿಎಚ್ ಇರಲೇ ಇಲ್ಲ. ಚುರುಕಾದ ಎಂಬ ‘ಸ್ಪ್ರೈಟ್ಲಿ’ಗೂ ಅದೇ ಗತಿ.

ಪದದ ಮೊದಲಿಗೆ ಬರುವ ಜಿಎಚ್ ಕಥೆ ಪೂರ್ತಿ ಬೇರೆ. ಇಂಗ್ಲೆಂಡಿಗೆ ಮುದ್ರಣ ತಂದ ವಿಲಿಯಂ ಕ್ಯಾಕ್ಸ್ಟನ್ ವ್ಯಾಪಾರಿಯಾಗಿ ಇಂದಿನ ಬೆಲ್ಜಿಯಂ ಸೀಮೆಯಲ್ಲಿ ದಶಕಗಟ್ಟಲೆ ಇದ್ದವನು. 1476ರಲ್ಲಿ ಅವನು ಲಂಡನ್ನಿನ ಪಕ್ಕದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದಾಗ ದೆವ್ವ, ಆತ್ಮ ಎಂಬ ಪದಕ್ಕೆ ಜಿ ಮಾತ್ರ ಇತ್ತು. ಆ ಬೆಲ್ಜಿಯಂ ಸೀಮೆಯ ಫ್ಲೆಮಿಶ್ ಭಾಷೆಯಲ್ಲಿ ಅದೇ ಪದವನ್ನು ಜಿಎಚ್ ಹಾಕಿ ಬರೆಯುವ ರೂಢಿ. ಆ ರೂಢಿ ಅವನ ಮುದ್ರಣಾಲಯದ ಪುಸ್ತಕಗಳಿಗೂ ಬಂತು. ಬಾತುಕೋಳಿ ಜಾತಿಯ ‘ಗೂಸ್’, ಆಡು ಎಂಬ ‘ಗೋಟ್’, ಹುಡುಗಿ ಎಂಬ ‘ಗರ್ಲ್’ ಪದಗಳನ್ನೂ ಜಿಎಚ್ ಹಾಕಿ ಬರೆದದ್ದುಂಟು, ಅವು ಉಳಿಯಲಿಲ್ಲ. ‘ಗೋಸ್ಟ್’ ಉಳಿಯಿತು, ತನ್ನ ಜೊತೆಗೆ ಭೀಕರ ಎಂಬ ‘ಗಾಸ್ಟ್ಲಿ’ಯನ್ನೂ ಬೆಚ್ಚಿಬಿದ್ದ ಎಂಬ ‘ಅಗಾಸ್ಟ್’ಅನ್ನೂ ಎಳೆದುಕೊಂಡಿತು. ಇಲ್ಲಿ ಎಚ್ ಎಂದೂ ಯಾರ ಬಾಯಲ್ಲೂ ಇರಲಿಲ್ಲ.

ಇಟಾಲಿಯನ್ನಿನಲ್ಲಿ ಇ, ಐ ಸ್ವರಗಳ ಮುಂಚೆ ಜಿ ಬಂದರೆ ಜಕಾರವಾಗುತ್ತದೆ. ಗಕಾರವೇ ಬೇಕಾದರೆ ನಡುವೆ ಎಚ್ ಇಡುತ್ತಾರೆ. ‘ಸ್ಪಗೆಟ್ಟಿ’ಯಲ್ಲಿ ಆಗಿದ್ದು ಅದು, ಪದದ ಅರ್ಥ ಸಣ್ಣ ದಾರಗಳು. 1516ರಲ್ಲಿ ವೆನಿಸ್ ನಗರ ಯಹೂದಿಗಳನ್ನು ಕೂಡಿಟ್ಟ ಕೇರಿಯ ಹೆಸರು ‘ಗೆಟ್ಟೊ’ ಕೂಡ ಹಾಗೆಯೇ. ಸಣ್ಣ ದೋಣಿಗೆ ಹೇಳುವ ‘ಡಿಂಗಿ’ ಹಿಂದೂಸ್ತಾನದ ಪದ, ಅದನ್ನು ‘ಡಿಂಜಿ’ ಎಂದು ಓದದಿರಲಿ ಎಂದು ಎಚ್ ಸೇರಿಸಿದರು. ಡಚ್ಚರಿಂದ ಬಂದ ‘ಗರ್ಕಿನ್’ಗೂ ಎಚ್ ಆಮೇಲೆ ಸೇರಿದ್ದು. ಗರ್ಕಿನ್ ಎಂದರೆ ನಮ್ಮ ಬಯಲುಸೀಮೆಯ ರೈತರು ಕಂಪನಿಗಳ ಒಪ್ಪಂದದ ಮೇಲೆ ಬೆಳೆದು ಹೊರದೇಶಕ್ಕೆ ಕಳಿಸುವ ಮಿಡಿಸೌತೆ. ಅದು ಉಪ್ಪುನೀರಿನಲ್ಲಿ, ವಿನೆಗರ್‌ನಲ್ಲಿ ನೆನೆದು ಸಮುದ್ರ ದಾಟುತ್ತದೆ.

ಎಚ್ ನಿಜವಾಗಿ ನಮ್ಮದಾದ ಪದಗಳೂ ಉಂಟು. ತುಪ್ಪದ ಡಬ್ಬಿಯ ಮೇಲೆ ಕಾಣುವ ‘ಘೀ’, ಸಂಸ್ಕೃತದ ಘೃತದಿಂದ ಹಿಂದಿಗೆ ಬಂದು ಇಂಗ್ಲಿಷಿಗೆ ಹೋದದ್ದು. ‘ಘಾಟ್ಸ್’ ಎಂದರೆ ಇಂಗ್ಲಿಷಿನವರಿಗೆ ಇಡೀ ಪರ್ವತಸಾಲು. ನಮಗೆ ಶಿರಾಡಿ ಘಾಟಿ, ಚಾರ್ಮಾಡಿ ಘಾಟಿ ಎಂದರೆ ಮೊದಲು ನೆನಪಾಗುವುದು ಇಳಿಯುವ ದಾರಿ. ಮೂಲದ ಅರ್ಥಕ್ಕೆ ಹತ್ತಿರವಿರುವುದು ನಮ್ಮದೇ. ಉದ್ದ ಮೂತಿಯ ಮೊಸಳೆ ‘ಘರಿಯಾಲ್’, ಅಧಿಕಾರಿಯನ್ನು ಸುತ್ತುವರಿದು ಕೂರಿಸುವ ‘ಘೇರಾವ್’, ಸಿಂಗ್, ಘೋಷ್ ಎಂಬ ಹೆಸರುಗಳು, ಎಲ್ಲದರಲ್ಲೂ ಎಚ್ ಇರುವುದು ಮಹಾಪ್ರಾಣ ತೋರಿಸಲು. ಬ್ರಿಟಿಷರಿಗೆ ಘಕಾರ ನಾಲಿಗೆಗೆ ಬರುವುದಿಲ್ಲ, ಬರೆಯುವುದು ಮಾತ್ರ ಬಿಡಲಿಲ್ಲ. ಬಾಗ್ದಾದ್, ಅಫ್ಗಾನಿಸ್ತಾನಗಳ ಜಿಎಚ್ ಅರಬ್ಬಿ ಲಿಪಿಯ ‘ಘೈನ್’ ಅಕ್ಷರಕ್ಕೆ ಬದಲಿ. ಹೆಣ ತಿನ್ನುವ ಪಿಶಾಚಿ ‘ಗೂಲ್’ ಸಹ ಅರಬ್ಬಿಯೇ. ಗೋಸ್ಟ್ ಪಕ್ಕ ಇಟ್ಟು ಅಣ್ಣತಮ್ಮ ಎಂದುಕೊಂಡರೆ ಮೋಸ ಹೋದಂತೆ.

ಊರ ಹೆಸರುಗಳಲ್ಲಿ ಎಚ್ಚರ ಬೇಕು. ಎಡಿನ್‌ಬರ್ಗ್ ಎಂದು ನಮ್ಮ ಪತ್ರಿಕೆಗಳು ಬರೆಯುವ ಊರನ್ನು ಅಲ್ಲಿಯವರು ‘ಎಡಿನ್‌ಬರ’ ಎನ್ನುತ್ತಾರೆ. ಕೋಟೆ ಎಂಬರ್ಥದ ಆ ಕೊನೆಯ ಭಾಗವೇ ‘ಬರೋ’ ಎಂದೂ, ಕ್ಯಾಂಟರ್‌ಬರಿಯಲ್ಲಿ ‘ಬರಿ’ ಎಂದೂ ರೂಪ ಬದಲಿಸಿದೆ. ಅಮೆರಿಕದ ಪಿಟ್ಸ್‌ಬರ್ಗ್ ಊರಿನ ಕೊನೆಯ ಎಚ್ ಅನ್ನು 1891ರಲ್ಲಿ ಅಲ್ಲಿನ ಭೂನಾಮ ಮಂಡಳಿ ತೆಗೆದುಹಾಕಿತು. ಊರವರ ಹಟದಿಂದ 1911ರಲ್ಲಿ ಮರಳಿ ಕೊಡಬೇಕಾಯಿತು. ಬರ್ಮಿಂಗ್‌ಹ್ಯಾಮ್‌ನಲ್ಲಿ ಜಿ ಮತ್ತು ಎಚ್ ಪಕ್ಕಪಕ್ಕದಲ್ಲಿದ್ದರೂ ಜೋಡಿಯಲ್ಲ. ಜಿ ಹಿಂದಿನ ಭಾಗದ್ದು, ಎಚ್ ಊರು ಎಂಬರ್ಥದ ‘ಹ್ಯಾಮ್’ನದ್ದು. ಮಂಜಿನಲ್ಲಿ ಹಡಗುಗಳಿಗೆ ಎಚ್ಚರಿಕೆ ಕೊಡುವ ‘ಫಾಗ್‌ಹಾರ್ನ್’ ಕೂಡ ಹೀಗೆ ಬಿಡಿಸಿ ಓದಬೇಕಾದದ್ದು.

ಇಷ್ಟೆಲ್ಲ ತಾಪತ್ರಯದ ಜಿಎಚ್ ಅನ್ನು ಕಿತ್ತೆಸೆಯಲು ಯಾರೂ ಯತ್ನಿಸಲಿಲ್ಲವೇ ಎಂದರೆ, ಯತ್ನಿಸಿದ್ದಾರೆ. ಅಮೆರಿಕದಲ್ಲಿ ನೇಗಿಲು ಎಂಬ ‘ಪ್ಲೌ’ ಪದವನ್ನು ಡಬ್ಲ್ಯು ಹಾಕಿ, ‘ಡ್ರಾಫ್ಟ್’ಅನ್ನು ಎಫ್ ಹಾಕಿ ಬರೆಯುವುದು ರೂಢಿಗೆ ಬಂತು; ಬ್ರಿಟನ್ನಿನಲ್ಲಿ ನೇಗಿಲಿಗೆ ಈಗಲೂ ಜಿಎಚ್ ಬೇಕು. 1906ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮುನ್ನೂರು ಪದಗಳ ಸರಳ ಕಾಗುಣಿತವನ್ನು ಸರ್ಕಾರಿ ಮುದ್ರಣದಲ್ಲಿ ಬಳಸಲು ಆಜ್ಞೆ ಹೊರಡಿಸಿದರು. ‘ಥ್ರೂ’, ‘ದೋ’, ಕೂಲಂಕಷ ಎಂಬರ್ಥದ ‘ಥರೋ’ ಪದಗಳ ಜಿಎಚ್ ಕಳಚಿದ ರೂಪಗಳು ಅದರಲ್ಲಿದ್ದವು. ಪತ್ರಿಕೆಗಳು ನಕ್ಕವು, ಅಮೆರಿಕದ ಸಂಸತ್ತು ಒಪ್ಪಲಿಲ್ಲ, ರೂಸ್‌ವೆಲ್ಟ್ ಹಿಂದೆ ಸರಿದರು. ಷಿಕಾಗೊ ಟ್ರಿಬ್ಯೂನ್ ಪತ್ರಿಕೆ 1934ರಲ್ಲಿ ತಾನೇ ಇಂಥ ಸುಧಾರಣೆಗೆ ಕೈಹಾಕಿ ‘ಥ್ರೂ’, ‘ದೋ’ಗಳನ್ನು ಮೊಟಕಾಗಿಯೇ ಅಚ್ಚು ಮಾಡುತ್ತಾ ಬಂದು, 1975ರಲ್ಲಿ ಕೈಬಿಟ್ಟಿತು. ಆ ಮೊಟಕು ‘ಥ್ರೂ’ ಈಗ ಬೆಂಗಳೂರಿನ ಆಸುಪಾಸಿನ ಹೆದ್ದಾರಿಗಳಲ್ಲೂ, ಕಾರಿನಲ್ಲಿ ಕುಳಿತೇ ಬರ್ಗರ್ ಕೊಳ್ಳುವ ‘ಡ್ರೈವ್-ಥ್ರೂ’ ಫಲಕಗಳ ಮೇಲೆ ಸಿಗುತ್ತದೆ. ಉತ್ತರಪತ್ರಿಕೆಯಲ್ಲಿ ಹಾಗೆ ಬರೆದರೆ ಮಾತ್ರ ಕೆಂಪು ಗೆರೆ ಬೀಳುತ್ತದೆ.